‘ಯಾದೃಚ್ಛಿಕ’ ಅಂದ್ರೆ ಏನು ಆಂಟಿ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬರು ಮಕ್ಕಳ ಮೇಲೆ ಆಸ್ಪತ್ರೆಗಳು ನಡೆಸುವ ಪ್ರಯೋಗಗಳನ್ನು ಪೂರ್ತಿ ನಿಲ್ಲಿಸಬೇಕು ಎಂದು ಬರೆದಿದ್ದರು. ಬಡವರ ಮಕ್ಕಳನ್ನು ಇಲಿಗಳ ಹಾಗೆ ಬಳಸುತ್ತಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ಅರ್ಧ ನನಗೂ ಇದೆ. ಇನ್ನರ್ಧಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಾನು ನರ್ಸ್ ಆಗಿದ್ದವಳು. 29 ವರ್ಷ ಬೆಂಗಳೂರಿನಲ್ಲಿ ಡ್ಯೂಟಿ ಮಾಡಿದ್ದೇನೆ. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಹೃದಯದ ಆಪರೇಷನ್ ಆದ ಮಕ್ಕಳ ಐಸಿಯುನಲ್ಲಿ. ಈಗ ತಿಪಟೂರಿನಲ್ಲಿದ್ದೇನೆ. ಇಲ್ಲಿ ಪಕ್ಕದ ಮನೆಯವರ ಮಗಳಿಗೆ ಒಂದೂವರೆ ವರ್ಷದ ಹೆಣ್ಣು ಕೂಸು. ಹೃದಯದಲ್ಲಿ ದೊಡ್ಡ ತೂತು ಇತ್ತು. ಆಪರೇಷನ್‌ಗೆಂದು ಬೆಂಗಳೂರಿಗೆ ಹೋದವಳು ಹಿಂದಿನ ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಮಾಡಿದಳು.

“ಆಂಟಿ, ಒಂದು ಫಾರಂ ಕೊಟ್ಟಿದಾರೆ. ಏನೋ ಅಧ್ಯಯನ ಅಂತೆ. ಸೈನ್ ಹಾಕ್ಲಾ ಬೇಡ್ವಾ?”

ಓದಮ್ಮಾ ನೋಡೋಣ ಎಂದೆ. ಅವಳು ಅಕ್ಷರ ಕೂಡಿಸಿ ಓದಿದಳು: “ಯಾದೃ... ಯಾದೃಚ್ಛಿಕವಾಗಿ ಹಂಚಿಕೆ ಮಾಡಲ್ಪಟ್ಟ ನಿಯಂತ್ರಿತ ಗುಂಪು.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಇದು ಕನ್ನಡಾನಾ ಆಂಟಿ?” ಅವಳು ಬಿ.ಕಾಂ. ಓದಿದ ಹುಡುಗಿ.

“ಚೀಟಿ ಎತ್ತೋದು ಕಣಮ್ಮಾ” ಎಂದೆ. “ನಿನ್ನ ಮಗಳಿಗೆ ನೋವಿಗೆ ಯಾವ ಔಷಧ ಅಂತ ಡಾಕ್ಟರು ಆರಿಸಲ್ಲ, ಚೀಟಿ ಆರಿಸತ್ತೆ.”

ಅವಳಿಗೆ ಅದು ಇನ್ನೂ ಭಯ ಆಯಿತು! ಹಾಗಾಗಿ ಒಂದು ಗಂಟೆ ಮಾತಾಡಬೇಕಾಯಿತು. ಆ ಒಂದು ಗಂಟೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆವತ್ತು ಅವಳಿಗೆ ಹೇಳದೆ ಬಿಟ್ಟದ್ದೂ ಸ್ವಲ್ಪ ಇದೆ.

ಅನಸ್ತೇಶಿಯಾಗೆ ನಮ್ಮಲ್ಲಿ ಅರಿವಳಿಕೆ ಎಂಬ ಒಳ್ಳೆ ಪದ ಇದೆ. ಅರಿವು ಅಳಿಯುವುದು. ಆದರೆ ತೀರಾ ಹಿಂದಲ್ಲ, ನಲವತ್ತು ವರ್ಷದ ಹಿಂದೆ, ಮುಂದುವರಿದ ದೇಶಗಳಲ್ಲೇ ಎಷ್ಟೋ ಎಳೆ ಕೂಸುಗಳಿಗೆ ಕೊಡುತ್ತಿದ್ದ ಔಷಧದಿಂದ ಅರಿವು ಅಳಿಯುತ್ತಿರಲಿಲ್ಲ, ಅಲುಗಾಟ ಮಾತ್ರ ನಿಲ್ಲುತ್ತಿತ್ತು. ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ನೋವು ಸರಿಯಾಗಿ ಗೊತ್ತಾಗಲ್ಲ, ಅಷ್ಟು ಚಿಕ್ಕ ಜೀವ ಅರಿವಳಿಕೆ ತಡೆಯಲ್ಲ ಎಂದು ಎಷ್ಟೋ ವೈದ್ಯರು ನಂಬಿದ್ದರು. ಅಮೆರಿಕದಲ್ಲಿ 1985ರಲ್ಲಿ ಜೆಫ್ರಿ ಲಾಸನ್ ಎಂಬ ಕೂಸಿಗೆ ಹೃದಯದ ಪಕ್ಕದ ನಾಳ ಕಟ್ಟುವ ಆಪರೇಷನ್ ಆಯಿತು. ಎದೆ ಕೊಯ್ಯುವಾಗ ಕೊಟ್ಟದ್ದು ಪವುಲಾನ್ ಮಾತ್ರ. ಅದು ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ನೋವಿಗೂ ಅದಕ್ಕೂ ಸಂಬಂಧ ಇಲ್ಲ. ಕೂಸು ಐದು ವಾರದಲ್ಲಿ ತೀರಿಕೊಂಡಿತು. ತಾಯಿ ಜಿಲ್ ಲಾಸನ್‌ಗೆ ವಿಷಯ ತಿಳಿದದ್ದು ಆಮೇಲೆ. ಆಕೆ ಸುಮ್ಮನೆ ಕೂರಲಿಲ್ಲ. 1986ರಲ್ಲಿ ಆಕೆಯ ಪತ್ರ ಅಚ್ಚಾಯಿತು, ದೊಡ್ಡ ಪತ್ರಿಕೆಗಳು ಸುದ್ದಿ ಮಾಡಿದವು. ಸಂಪಾದಕರೇ, ಅದೂ ಇಂಥದೇ ಒಂದು ವಾಚಕರ ಪತ್ರ.

ಅದೇ ಕಾಲಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕೆ.ಜೆ.ಎಸ್. ಆನಂದ್ ಎಂಬ ಯುವ ವೈದ್ಯರಿದ್ದರು. ಇಂದೋರ್‌ನಲ್ಲಿ ಡಾಕ್ಟರಿ ಓದಿ ಅಲ್ಲಿಗೆ ಹೋದವರು. ಆಪರೇಷನ್‌ಗೆ ಚೆನ್ನಾಗಿಯೇ ಹೋದ ಕೂಸುಗಳು ವಾಪಸ್ ಬರುವಾಗ ಬಿಳಿಚಿಕೊಂಡು, ಸೊರಗಿ ಬರುವುದನ್ನು ಕಂಡು ಅವರಿಗೆ ಅನುಮಾನ ಬಂತು. ಅವರು ಮತ್ತು ಜೊತೆಯವರು ಮಾಡಿದ್ದು ಬಹಳ ಚಿಕ್ಕ ಅಧ್ಯಯನ. ಜೆಫ್ರಿಗೆ ಆದಂಥದೇ ಆಪರೇಷನ್‌ಗೆ ಬಂದ 16 ಕೂಸುಗಳು. ಎಲ್ಲಕ್ಕೂ ಆಗಿನ ರೂಢಿಯ ಹಾಗೆ ನೈಟ್ರಸ್ ಆಕ್ಸೈಡ್ ಅನಿಲ ಮತ್ತು ಸ್ನಾಯು ಕಟ್ಟುವ ಔಷಧ. ಚೀಟಿ ಎತ್ತಿ 8 ಕೂಸುಗಳಿಗೆ ಮಾತ್ರ ಅದರ ಜೊತೆ ಫೆಂಟನಿಲ್ ಎಂಬ ಬಲವಾದ ನೋವಿನ ಔಷಧ. ರಕ್ತ ತೆಗೆದು ನೋಡಿದರೆ, ಫೆಂಟನಿಲ್ ಇಲ್ಲದ ಕೂಸುಗಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಏರಿದ್ದವು. ಆಮೇಲೆ ತೊಂದರೆ ಜಾಸ್ತಿ ಆದದ್ದೂ ಅವಕ್ಕೇ. 1987ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಕೂಸು ಬಾಯಿಬಿಟ್ಟು ಹೇಳಲಾಗದ್ದನ್ನು ಅದರ ರಕ್ತ ಹೇಳಿತ್ತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನವಜಾತ ಶಿಶುಗಳಿಗೆ ಅರಿವಳಿಕೆ ಕೊಡಬಹುದು ಎಂದು ಹೇಳಿತು.

ಆನಂದ್ ಮತ್ತು ಹಿಕಿ ಎಂಬ ಇನ್ನೊಬ್ಬ ವೈದ್ಯರು ಅಮೆರಿಕದ ಬಾಸ್ಟನ್‌ನಲ್ಲಿ ಮಾಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ನೇರವಾಗಿ ಹೃದಯದ ಆಪರೇಷನ್‌ನದೇ. 45 ನವಜಾತ ಶಿಶುಗಳು. ಫೆಂಟನಿಲ್ ಜಾತಿಯದೇ ಆದ ಸುಫೆಂಟನಿಲ್‌ನಿಂದ ಆಳವಾದ ಅರಿವಳಿಕೆ ಪಡೆದ 30ರಲ್ಲಿ ಒಂದೂ ಸಾಯಲಿಲ್ಲ. ಹಗುರವಾದ ಬೇರೆ ಅರಿವಳಿಕೆ ಪಡೆದ 15ರಲ್ಲಿ 4 ಹೋದವು. ನೋವು ಅಂದರೆ ಸುಮ್ನೆ ಅಳು ಅಲ್ಲ. ಅದು ಜೀವ ತೆಗೆಯಬಲ್ಲದು ಎಂದು ಗೊತ್ತಾದದ್ದು ಹೀಗೆ. ಪ್ರಯೋಗ ಪೂರ್ತಿ ನಿಲ್ಲಲಿ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು. ಆ ಕೂಸುಗಳ ಅಪ್ಪ ಅಮ್ಮ ಸೈನ್ ಹಾಕದಿದ್ದರೆ ಹಳೆಯ ಪದ್ಧತಿ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ. ನನ್ನ ಲೆಕ್ಕದಲ್ಲಿ ಅದೂ ಪ್ರಯೋಗವೇ. ಯಾರೂ ಬರೆದಿಡದ, ಯಾರನ್ನೂ ಕೇಳದ ಪ್ರಯೋಗ.

ಇಷ್ಟೆಲ್ಲ ನಾನು ಓದಿದ್ದು ಬಹಳ ತಡವಾಗಿ. ಡ್ಯೂಟಿಗೆ ಸೇರಿದ ಮೊದಲ ವರ್ಷ, 1991ರಲ್ಲಿ, ಒಂದು ರಾತ್ರಿ ನಾಲ್ಕು ತಿಂಗಳ ಕೂಸು ನನ್ನ ಬೆಡ್‌ನಲ್ಲಿತ್ತು. ವೆಂಟಿಲೇಟರ್ ಮೇಲೆ, ಸ್ನಾಯು ಕಟ್ಟುವ ಔಷಧ ಡ್ರಿಪ್‌ನಲ್ಲಿ ಹೋಗುತ್ತಿತ್ತು. ಎಷ್ಟು ಶಾಂತವಾಗಿದೆ ಎಂದು ಚಾರ್ಟ್‌ನಲ್ಲಿ ಬರೆದೆ. ಎದೆಬಡಿತ 190 ಇತ್ತು. ಜ್ವರ ಇರಬೇಕು ಅಂದುಕೊಂಡು ಥರ್ಮಾಮೀಟರ್ ಇಟ್ಟೆ, ಜ್ವರ ಇರಲಿಲ್ಲ. ರೌಂಡ್ಸ್‌ಗೆ ಬಂದ ಹಿರಿಯ ಸಿಸ್ಟರ್ ಟಾರ್ಚ್ ಹಿಡಿದು ನೋಡಿದರು. ಮುಚ್ಚಿದ ಕಣ್ಣಿನ ಅಂಚಿನಿಂದ ಕಿವಿಯ ತನಕ ನೀರು ಇಳಿದಿತ್ತು. ಅಂಗೈ ಒದ್ದೆ. “ಇದು ಮಲಗಿಲ್ಲ ಕಣೇ” ಎಂದರು ಅವರು. ನೋವಿನ ಔಷಧದ ಸಿರಿಂಜ್ ಖಾಲಿಯಾಗಿ ಎಷ್ಟು ಹೊತ್ತಾಗಿತ್ತೋ, ನಾನು ನೋಡಿರಲಿಲ್ಲ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ತಪ್ಪು ನನ್ನದು. ಮೂವತ್ತು ವರ್ಷ ದಾಟಿದರೂ ಆ ಅಂಗೈ ನೆನಪಿದೆ.

ಆಮೇಲೆ ನೋವಿಗೂ ಅಂಕ ಹಾಕುವ ಪದ್ಧತಿ ಬಂತು. 1997ರಲ್ಲಿ ಅಮೆರಿಕದ ಮಿಷಿಗನ್‌ನವರು ಪ್ರಕಟಿಸಿದ ‘ಫ್ಲ್ಯಾಕ್’ ಎಂಬ ಅಳತೆ ಈಗ ಎಷ್ಟೋ ಕಡೆ ಇದೆ. ಮುಖ, ಕಾಲು, ಮೈ ಅಲುಗಾಟ, ಅಳು, ಸಮಾಧಾನ ಆಗುತ್ತದೋ ಇಲ್ಲವೋ. ಐದಕ್ಕೂ ತಲಾ 2, ಒಟ್ಟು 10. ಕೇಳಲು ಸುಲಭ. ಆದರೆ ಗಂಟಲಲ್ಲಿ ಟ್ಯೂಬ್ ಇರುವ ಕೂಸು ಅತ್ತರೆ ಸದ್ದೇ ಬರಲ್ಲ, ಬಾಯಿ ಮಾತ್ರ ಅಳುತ್ತದೆ. ಅಂಥವಕ್ಕೆ ‘ಕಂಫರ್ಟ್’ ಎಂಬ ಬೇರೆ ಅಳತೆ. ಅದರಲ್ಲಿ ಅಳುವಿನ ಬದಲು ಕೂಸು ವೆಂಟಿಲೇಟರ್ ಜೊತೆ ಎಷ್ಟು ಜಗಳಾಡುತ್ತಿದೆ ಎಂದು ನೋಡುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರ. ಒಬ್ಬ ಹುಡುಗ ಯಾವಾಗಲೂ ನಗುವ ಮುಖವನ್ನೇ ಮುಟ್ಟುತ್ತಿದ್ದ. ಯಾಕೋ ಎಂದರೆ, “ಇದನ್ನ ಮುಟ್ಟಿದ್ರೆ ಮನೆಗೆ ಕಳಿಸ್ತಾರೆ” ಅಂದ. ಇನ್ನೊಬ್ಬ ಕೊಪ್ಪಳದ ಕಡೆಯವನು, ಐದು ವರ್ಷ. ರಾತ್ರಿಯಿಡೀ “ಬ್ಯಾನಿ, ಬ್ಯಾನಿ” ಅನ್ನುತ್ತಿದ್ದ. ಕೇರಳದಿಂದ ಹೊಸದಾಗಿ ಬಂದಿದ್ದ ಸಿಸ್ಟರ್, ಪಾಪ, ಅಕ್ಕನನ್ನೋ ತಂಗಿಯನ್ನೋ ಕರೆಯುತ್ತಿದ್ದಾನೆ ಅಂದುಕೊಂಡಳು. ಬೆಳಗ್ಗೆ ನಾನು ಬಂದ ಮೇಲೆ ಅವನಿಗೆ ಔಷಧ ಸಿಕ್ಕಿತು. ಉರಿ, ಸೆಳೆತ, ಚುಚ್ಚು, ಸಿಡಿತ, ಬ್ಯಾನಿ ಎಂದು ನಮ್ಮ ನೋವಿಗೆ ಎಷ್ಟು ಹೆಸರು! ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ರತಿ ಮಕ್ಕಳ ವಾರ್ಡಿನಲ್ಲಿ ಅಂಟಿಸಲು ಏನು ಖರ್ಚಾಗುತ್ತದೆ?

ಈಗ ಪಕ್ಕದ ಮನೆ ಹುಡುಗಿಯ ಫಾರಂಗೆ ಬರುತ್ತೇನೆ. ಅದರಲ್ಲಿದ್ದದ್ದು ಬೆನ್ನಿಗೆ ಕೊಡುವ ಒಂದು ಇಂಜೆಕ್ಷನ್ ವಿಷಯ. ಡಾಕ್ಟರುಗಳು ಇಎಸ್‌ಪಿ ಬ್ಲಾಕ್ ಅನ್ನುತ್ತಾರೆ. ಹೃದಯದ ಆಪರೇಷನ್‌ಗೆ ಎದೆಯ ನಡುವಿನ ಮೂಳೆಯನ್ನು ಗರಗಸದಿಂದ ಸೀಳಬೇಕು. ನೋವಿರುವುದು ಮುಂದೆ, ಇಂಜೆಕ್ಷನ್ ಯಾಕೆ ಹಿಂದೆ? ನರಗಳು ಹೊರಡುವುದು ಬೆನ್ನುಮೂಳೆಯಿಂದ. ಪಕ್ಕೆಲುಬಿನ ಗುಂಟ ಸುತ್ತಿ ಎದೆಗೆ ಬರುತ್ತವೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಲೈನ್ ತೆಗೆದರೆ ಬೀದಿಯ ಕೊನೆಯ ಮನೆಗೂ ಕರೆಂಟ್ ಇರಲ್ಲ, ಅಲ್ವಾ? ಹಾಗೇ ಇದು. ಮಗು ಮಂಪರಿನಲ್ಲಿರುವಾಗಲೇ ಸ್ಕ್ಯಾನ್ ಮೆಷಿನ್‌ನಲ್ಲಿ ನೋಡುತ್ತಾ, ಬೆನ್ನಿನ ಸ್ನಾಯುವಿನ ಅಡಿಗೆ ಎರಡೂ ಕಡೆ ಮರಗಟ್ಟಿಸುವ ಔಷಧ ಬಿಡುತ್ತಾರೆ.

ಹೆರಿಗೆಯಲ್ಲಿ ಬೆನ್ನುಹುರಿಯ ಪಕ್ಕಕ್ಕೆ ಕೊಡುವ ಇಂಜೆಕ್ಷನ್, ಎಪಿಡ್ಯೂರಲ್, ಯಾಕಾಗಲ್ಲ ಎಂದೂ ಕೇಳಿದಳು. ಒಳ್ಳೆ ಪ್ರಶ್ನೆ. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್‌ಗೆ ಹಾಕಬೇಕಾದರೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಲೇಬೇಕು. ಅಂಥ ಹೊತ್ತಿನಲ್ಲಿ ಬೆನ್ನುಹುರಿಯ ಪಕ್ಕ ಸೂಜಿಯಿಂದ ರಕ್ತ ಒಸರಿ ಗಟ್ಟಿಯಾದರೆ ಕಾಲಿನ ಬಲವೇ ಹೋಗಬಹುದು. ಈ ಹೊಸ ಬ್ಲಾಕ್ ಬೆನ್ನುಹುರಿಯಿಂದ ದೂರ. 2016ರಲ್ಲಷ್ಟೇ ಇದರ ವಿವರ ಮೊದಲು ಪ್ರಕಟವಾದದ್ದು. ದೆಹಲಿಯ ಏಮ್ಸ್ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪಡೆದ ಮಕ್ಕಳಿಗೆ ನೋವು ಕಡಿಮೆ ಇತ್ತು, ಫೆಂಟನಿಲ್ ಕೂಡ ಕಡಿಮೆ ಸಾಕಾಯಿತು. ಫೆಂಟನಿಲ್ ಕಡಿಮೆಯಾದರೆ ಮಗು ಬೇಗ ತಾನೇ ಉಸಿರಾಡಬಹುದು, ಟ್ಯೂಬ್ ಬೇಗ ತೆಗೆಯಬಹುದು. ಆದರೂ ಬೆನ್ನಿಗೆ ಕೊಟ್ಟ ಔಷಧ ಎದೆಯ ಮುಂಭಾಗಕ್ಕೆ ನಿಜಕ್ಕೂ ಎಷ್ಟು ಮುಟ್ಟುತ್ತದೆ ಎಂದು ವೈದ್ಯರಲ್ಲೇ ವಾದ ಇದೆ. ಡೋಸ್ ಮೀರಿದರೆ ಆ ಔಷಧ ಹೃದಯದ ಬಡಿತವನ್ನೇ ಕೆಡಿಸಬಹುದು, ಅದಕ್ಕೇ ತೂಕ ನೋಡಿ ಲೆಕ್ಕ ಹಾಕಬೇಕು. ವಾದ ಇರುವುದರಿಂದಲೇ ಚೀಟಿ. ಯಾವುದು ಮೇಲು ಎಂದು ಮೊದಲೇ ಗೊತ್ತಿದ್ದರೆ ಚೀಟಿ ಎತ್ತುವುದು ಅನ್ಯಾಯ.

ನಾನು ಅವಳಿಗೆ ಫಾರಂನಲ್ಲಿ ಹುಡುಕು ಎಂದದ್ದು ಮುಖ್ಯವಾಗಿ ಒಂದು ಸಾಲು. ಚೀಟಿಯಲ್ಲಿ ಏನೇ ಬಂದರೂ, ನೋವಿನ ಅಂಕ ಇಷ್ಟು ದಾಟಿದರೆ ತಕ್ಷಣ ಫೆಂಟನಿಲ್ ಕೊಡುತ್ತೇವೆ ಎಂದು ಬರೆದಿದೆಯಾ? ಬರೆದಿತ್ತು, ಏಳನೇ ಪುಟದಲ್ಲಿ. ಅದು ಮೊದಲನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಮಾತು. ಸಿಟಿಆರ್‌ಐ ನಂಬರ್ ಕೂಡ ಇತ್ತು. ಅದು ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯ. ಆ ನಂಬರ್ ಹಾಕಿ ಮೊಬೈಲ್‌ನಲ್ಲೇ ಯಾರು ಬೇಕಾದರೂ ನೋಡಬಹುದು. ಇನ್ನೂ ಒಂದು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮದ ಪ್ರಕಾರ 7 ವರ್ಷ ಆದ ಮೇಲೆ ಮಗುವನ್ನೂ ಕೇಳಬೇಕು. ನಾನೇ ಕಂಡಿದ್ದೇನೆ, ಒಂಬತ್ತು ವರ್ಷದ ಹುಡುಗಿ “ನಂಗೆ ಬೇಡ” ಅಂದಳು. ಅಪ್ಪ ಆಗಲೇ ಸೈನ್ ಹಾಕಿಯಾಗಿತ್ತು. ಡಾಕ್ಟರು ಫಾರಂ ಹರಿದು ಹಾಕಿದರು, ಅವಳ ಆಪರೇಷನ್‌ಗೆ ಏನೂ ತೊಂದರೆ ಆಗಲಿಲ್ಲ.

ಅವಳ ಕೊನೆಯ ಪ್ರಶ್ನೆ ಎಲ್ಲ ಅಮ್ಮಂದಿರದು. ಇಷ್ಟು ಹೊತ್ತು ಅರಿವಳಿಕೆ ಕೊಟ್ಟರೆ ಮಗು ದಡ್ಡ ಆಗಲ್ವಾ? ಇದಕ್ಕೂ ಅಧ್ಯಯನದಿಂದಲೇ ಉತ್ತರ ಬಂದಿದೆ, ಅರ್ಧ ಉತ್ತರ. ಏಳು ದೇಶಗಳಲ್ಲಿ ಹರ್ನಿಯಾ ಆಪರೇಷನ್ ಆದ 722 ಎಳೆಗೂಸುಗಳನ್ನು ಐದು ವರ್ಷದವರೆಗೆ ಗಮನಿಸಿದರು. ಒಂದು ಗಂಟೆಯ ಒಳಗಿನ ಅರಿವಳಿಕೆಯಿಂದ ಬುದ್ಧಿಗೆ ವ್ಯತ್ಯಾಸ ಕಾಣಲಿಲ್ಲ ಎಂದು 2019ರಲ್ಲಿ ಹೇಳಿದರು. ಹೃದಯದ ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಈ ಉತ್ತರವನ್ನು ಅಲ್ಲಿಗೆ ಎಳೆದು ತರಬಾರದು. “ತೂತು ಮುಚ್ಚದಿದ್ರೆ ಆಗೋ ತೊಂದರೆ ಮಾತ್ರ ಖಾತ್ರಿ ಕಣಮ್ಮಾ” ಎಂದಷ್ಟೇ ಹೇಳಿದೆ.

ಪತ್ರ ಬರೆದ ಓದುಗರೇ, ನಿಮ್ಮ ಸಿಟ್ಟಿನಲ್ಲಿ ನನ್ನದೂ ಇರುವ ಅರ್ಧ ಇದು. ಮಗುವಿಗೆ ಹಾಲು ನಿಲ್ಲಿಸುವ ಹೊತ್ತು ಯಾವುದು ಎಂಬ ಚಿಂತೆಯಲ್ಲಿರುವ ತಾಯಿಗೆ, ಆಪರೇಷನ್‌ನ ಹಿಂದಿನ ರಾತ್ರಿ ಹನ್ನೊಂದು ಪುಟ ಕೊಟ್ಟು ಸೈನ್ ಹಾಕಿ ಅನ್ನುವುದು ಕೇಳುವುದೇ ಅಲ್ಲ. ತಾರೀಕು ಕೊಡುವ ದಿನವೇ ಒಪಿಡಿಯಲ್ಲಿ ಕೊಡಲಿ. ಮನೆಗೆ ಒಯ್ದು ಅಜ್ಜಿ ತಾತನ ಮುಂದೆ ಓದಲಿ. ‘ಯಾದೃಚ್ಛಿಕ’ವನ್ನು ತೆಗೆದು ‘ಚೀಟಿ’ ಎಂದು ಬರೆಯಲಿ. ಅದನ್ನು ಬರೆಯುವವರು ಒಂದು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಅಲ್ಲಿನ ತಾಯಂದಿರಿಗೆ ಗಟ್ಟಿಯಾಗಿ ಓದಿ ಹೇಳಲಿ. ಅರ್ಥ ಆಗದ ಸಾಲು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು ಯಾರೂ ಎತ್ತುವುದಿಲ್ಲ. ನನ್ನ ಅಷ್ಟು ವರ್ಷದ ಡ್ಯೂಟಿಯಲ್ಲಿ ಎಷ್ಟೋ ಅಧ್ಯಯನಗಳಿಗೆ ನಾನೇ ನೋವಿನ ಅಂಕ ಬರೆದುಕೊಟ್ಟಿದ್ದೇನೆ. ಮುಗಿದ ಮೇಲೆ ಅದರ ಫಲ ಏನಾಯಿತು ಎಂದು ಒಬ್ಬ ತಂದೆ ತಾಯಿಗೂ ಪತ್ರ ಹೋದದ್ದು ನಾನು ನೋಡಿಲ್ಲ. ನಮಗೂ ಹೇಳಲಿಲ್ಲ. ಇಂಗ್ಲಿಷ್ ಜರ್ನಲ್‌ನಲ್ಲಿ ಬಂದಿರುತ್ತದೆ. ಒಂದು ವಾಟ್ಸ್‌ಆ್ಯಪ್ ಮೆಸೇಜ್ ಸಾಕಿತ್ತು.

ಹುಡುಗಿ ಕೊನೆಗೆ ಸೈನ್ ಹಾಕಿದಳು, ಹನ್ನೊಂದು ಗಂಟೆಗೆ. ಕೂಸಿನ ಎದೆಯ ಮೇಲಿನ ಗೆರೆ ಈಗ ತಿಳಿಯಾಗಿದೆ, ನಮ್ಮ ಅಂಗಳದ ಎಳನೀರಿನ ಬುರುಡೆಗಳನ್ನು ಉರುಳಿಸಿಕೊಂಡು ಓಡಾಡುತ್ತದೆ. ಚೀಟಿಯಲ್ಲಿ ಏನು ಬಂದಿತ್ತು ಎಂದು ಮನೆಯವರಿಗೆ ಇನ್ನೂ ಹೇಳಿಲ್ಲ. ಅಧ್ಯಯನ ಮುಗಿಯುವ ತನಕ ಹೇಳಬಾರದು, ಅದು ನಿಯಮ, ಸರಿ. ಮೊನ್ನೆ ಚೆಕಪ್‌ಗೆ ಹೊರಟಾಗ, ಮುಗಿಯೋದು ಯಾವಾಗ ಎಂದು ಕೇಳಿಕೊಂಡು ಬಾ ಎಂದು ಅವಳ ಕೈಯಲ್ಲಿ ನಾನೇ ಒಂದು ಚೀಟಿ ಬರೆದು ಕಳಿಸಿದ್ದೇನೆ.

— ನಿವೃತ್ತ ನರ್ಸ್, ತಿಪಟೂರು
(ಹೆಸರು ಹಾಕುವುದು ಬೇಡ)