ವರದಿ ಬಂತು, ವಿಳಾಸ ಸಿಗಲಿಲ್ಲ

ಮಾನ್ಯ ಸಂಪಾದಕರೆ,

ದೊಡ್ಡ ಗಲಭೆಯಾದರೆ ಸಾಕು, 'ತನಿಖಾ ಆಯೋಗ ರಚಿಸುತ್ತೇವೆ' ಎನ್ನುತ್ತದೆ ಸರ್ಕಾರ. ಜನರೂ ಸುಮ್ಮನಾಗುತ್ತಾರೆ. ಆಮೇಲೆ?

1992–93ರ ಮುಂಬೈ ಗಲಭೆಯನ್ನೇ ನೋಡಿ. ಸತ್ತವರು 900 ಮಂದಿ. ತನಿಖೆ ನಡೆಸುತ್ತಿದ್ದ ಶ್ರೀಕೃಷ್ಣ ಆಯೋಗವನ್ನೇ 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಮುಚ್ಚಿತು. ಕೆಲವೇ ತಿಂಗಳಲ್ಲಿ ಮತ್ತೆ ತೆರೆಯಬೇಕಾಯಿತು! 1998ರಲ್ಲಿ ವರದಿ ಬಂದಾಗ, ಒಂದು ಕಡೆ ವಾಲಿದೆ ಎಂದು ಅದನ್ನು ತಳ್ಳಿಹಾಕಿತು.

ಕಾಣೆಯಾದವರ ಕಥೆ ಇನ್ನೂ ಕಷ್ಟದ್ದು. ಶವ ಸಿಗದವರಿಗೆ ಮರಣ ಪ್ರಮಾಣಪತ್ರ ಎಲ್ಲಿಂದ ತರುವುದು? ಅಂಥವರು 168. ಅವರಲ್ಲಿ 108 ಮಂದಿಯ ಮನೆಯವರಿಗೆ ಪರಿಹಾರ ತಲುಪಿಲ್ಲ, ವಿಳಾಸ ಸಿಗುತ್ತಿಲ್ಲ, ಕಾಗದಪತ್ರ ಪೂರ್ತಿಯಾಗಿಲ್ಲ ಎಂದು ಸರ್ಕಾರ ಕೋರ್ಟಿಗೆ ಹೇಳಿತು. ಗಲಭೆಗೆ ಹೆದರಿ ಊರು ಬಿಟ್ಟವರು ಹಳೇ ವಿಳಾಸದಲ್ಲಿ ಸಿಗುತ್ತಾರಾ? ಬಡ್ಡಿ ಸಮೇತ 2 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ಆಯೋಗ ವರದಿ ಕೊಟ್ಟ ಆರು ತಿಂಗಳೊಳಗೆ ಅದನ್ನೂ ಕೈಗೊಂಡ ಕ್ರಮದ ವಿವರವನ್ನೂ ಸರ್ಕಾರ ಸದನದಲ್ಲಿ ಮಂಡಿಸಬೇಕು ಎನ್ನುತ್ತದೆ 1952ರ ತನಿಖಾ ಆಯೋಗಗಳ ಕಾಯ್ದೆ. ಆದರೆ ಶಿಫಾರಸು ಒಪ್ಪಲೇಬೇಕು ಎಂದಿಲ್ಲ. ತೂತು ಇರುವುದೇ ಅಲ್ಲಿ, ಅಲ್ವಾ? ಒಪ್ಪದಿದ್ದರೆ ಯಾಕೆ ಅಂತ ಒಂದೊಂದು ಶಿಫಾರಸಿಗೂ ಬರೆದುಕೊಡಲಿ. ಒಪ್ಪಿದ್ದನ್ನು ಯಾವಾಗ ಮಾಡುತ್ತೇವೆ ಎಂದು ತಾರೀಕು ಹಾಕಲಿ.

– ಒಬ್ಬ ಓದುಗ, ದಾವಣಗೆರೆ