ಬಾಟಲಿಯ ಕೊರಳು ಹಿಡಿಯುವ ಕ್ಯಾರಿಯರ್ ಬಾಳಿಕೆ ಬರಬೇಕಾದರೆ

ಮಾನ್ಯ ಸಂಪಾದಕರೇ,

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಬದಲು ಮತ್ತೆ ಮತ್ತೆ ಬಳಸಬಲ್ಲ ವಸ್ತುಗಳನ್ನು ರೂಢಿಸಿಕೊಳ್ಳಬೇಕೆಂದು ತಮ್ಮ ಪತ್ರಿಕೆ ಬರೆಯುತ್ತಾ ಬಂದಿದೆ. ಆ ಮಾತನ್ನು ಮನಸಾರೆ ಒಪ್ಪುವವನಾಗಿ, ಅಂಥದೊಂದು ಸಣ್ಣ ವಸ್ತುವಿನ ಬಗ್ಗೆ ತುಸು ವಿವರವಾಗಿ ಹೇಳಲು ಅವಕಾಶ ಕೋರುತ್ತೇನೆ. ನಾಲ್ಕೋ ಆರೋ ಬಾಟಲಿಗಳನ್ನು ಕೊರಳಲ್ಲಿ ಹಿಡಿದು ಒಂದೇ ಕೈಯಲ್ಲಿ ಒಯ್ಯಲು ನೆರವಾಗುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಅದು. ಪ್ಲಾಸ್ಟಿಕ್ ಅಚ್ಚುಗಳನ್ನು ತಯಾರಿಸುವ ಕೆಲಸದಲ್ಲಿ ಬಹಳ ವರ್ಷ ಕಳೆದಿರುವ ನನಗೆ, ಇವುಗಳ ಮೇಲೆ ಮರುಬಳಕೆಗೆ ಯೋಗ್ಯವೆಂದು ಬರೆಯುವವರು ಹೆಚ್ಚು, ಆ ಮಾತು ನಿಲ್ಲುವಂತೆ ವಿನ್ಯಾಸ ಮಾಡುವವರು ಕಡಿಮೆ ಎಂದು ಅನಿಸುತ್ತಲೇ ಇದೆ.

ಕೆಲವು ತಿಂಗಳ ಹಿಂದೆ ನಾನೇ ಬಳಸುತ್ತಿದ್ದ ಕ್ಯಾರಿಯರ್ ಮೆಟ್ಟಿಲು ಹತ್ತುವಾಗ ಮುರಿದು, ಎರಡು ಬಾಟಲಿಗಳು ಕೆಳಗುರುಳಿದವು. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಕೊರಳು ಕೂರುವ ಸೀಳಿನ ಕೊನೆಯಲ್ಲಿ, ಎರಡು ಅಂಚುಗಳು ಚೂಪಾಗಿ ಕೂಡುವ ಮೂಲೆಯಿಂದ ಬಿರುಕು ಹೊರಟಿತ್ತು. ಇನ್ನೂ ಮುರಿಯದ ಪಕ್ಕದ ಸೀಳಿನ ಅದೇ ಮೂಲೆಯಲ್ಲಿ ಉಗುರಿನ ಗೀರಿನಷ್ಟು ಸಣ್ಣ ಬಿಳಿ ಗೆರೆ ಮೂಡಿತ್ತು. ಪ್ಲಾಸ್ಟಿಕ್ ತನ್ನ ಮಿತಿ ಮೀರಿ ಹಿಗ್ಗಿದ ಕಡೆ ಹೀಗೆ ಬೆಳ್ಳಗಾಗುತ್ತದೆ. ಅಂದರೆ ಆ ಕ್ಯಾರಿಯರ್ ಮುರಿಯಲು ತಯಾರಾಗಿ ಎಷ್ಟೋ ದಿನಗಳಾಗಿದ್ದವು. ಆ ಮೂಲೆಯನ್ನು ಒಂದೆರಡು ಮಿಲಿಮೀಟರ್ ತ್ರಿಜ್ಯದಲ್ಲಿ ಗುಂಡಗೆ ಮಾಡಿದ್ದರೆ ಒತ್ತಡ ಹಂಚಿಹೋಗುತ್ತಿತ್ತು. ಅಚ್ಚು ಕೊರೆಯುವಾಗ ಅದಕ್ಕೆ ತಗಲುವ ಹೆಚ್ಚುವರಿ ಶ್ರಮ ಇಲ್ಲವೆನ್ನುವಷ್ಟು ಕಡಿಮೆ.

ಕೊರಳನ್ನು ಹಿಡಿದೆತ್ತುವ ಯೋಚನೆಯಲ್ಲಿ ತಪ್ಪೇನೂ ಇಲ್ಲ. ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಯಲ್ಲಿ ಅತ್ಯಂತ ಗಟ್ಟಿಯಾದ ಭಾಗವೇ ಕೊರಳು. ಒಳಗೆ ಗಾಳಿಯೂದಿ ಬಾಟಲಿಯ ಒಡಲನ್ನು ಹಿಗ್ಗಿಸುವಾಗ ಕೊರಳು ಮಾತ್ರ ಹಿಗ್ಗದೆ ಮೊದಲಿನ ದಪ್ಪದಲ್ಲೇ ಉಳಿಯುತ್ತದೆ. ಮುಚ್ಚಳದ ಕೆಳಗೆ ಕಾಣುವ ಬಳೆಯಂಥ ಅಂಚು ಇರುವುದೂ ಬಾಟಲಿಯನ್ನು ಹಿಡಿಯಲಿಕ್ಕೇ. ಕಾರ್ಖಾನೆಯಲ್ಲಿ ಖಾಲಿ ಬಾಟಲಿಗಳು ಆ ಬಳೆಯಿಂದಲೇ ತೂಗುತ್ತಾ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುತ್ತವೆ. ತಂಪು ಪಾನೀಯಗಳ ಸಾಮಾನ್ಯ ಬಾಟಲಿಗಳಲ್ಲಿ ಈ ಬಳೆಯ ವ್ಯಾಸ ಸುಮಾರು 33 ಮಿಲಿಮೀಟರ್. ಸೀಳಿನ ಅಗಲ 30 ಮಿಲಿಮೀಟರ್ ಇದ್ದರೆ ಒಂದೊಂದು ಬದಿಗೆ ಒಂದೂವರೆ ಮಿಲಿಮೀಟರ್ ಅಂಚು ಮಾತ್ರ ಆತುಕೊಳ್ಳುತ್ತದೆ, ಬಾಟಲಿಯ ಇಡೀ ಭಾರ ನಿಲ್ಲುವುದು ಅಷ್ಟರ ಮೇಲೆ. ಹೀಗಾಗಿ ಒಂದು ಬದಿ ತೆರೆದಿರುವ ಸೀಳುಗಳನ್ನು ನಾನು ನಂಬುವುದಿಲ್ಲ. ಭಾರ ಬಿದ್ದಾಗ ಅವುಗಳ ತೋಳುಗಳು ಕೂದಲೆಳೆಯಷ್ಟು ಅಗಲಿದರೂ, ಬಾಟಲಿ ತುಸು ವಾಲಿದೊಡನೆ ಬಳೆ ಜಾರುತ್ತದೆ. ದೊಡ್ಡ ರಂಧ್ರದಲ್ಲಿ ಕೊರಳು ತೂರಿಸಿ ಕಿರಿದಾದ ಸೀಳಿಗೆ ಸರಿಸುವ, ಸುತ್ತಲೂ ಮುಚ್ಚಿದ ಬೀಗದ ಕಿಂಡಿಯ ಆಕಾರವೇ ಮೇಲು. ಬಳುಕುವ ಬೆರಳುಗಳಂಥ ಕೊಕ್ಕೆಗಳು ಬಾಗಿ ಬಳೆಯನ್ನು ಕಚ್ಚುವ ಮಾದರಿಯೂ ಇದೆ. ಅಂಗಡಿಯಿಂದ ಮನೆಯವರೆಗಿನ ಒಂದು ಪ್ರಯಾಣಕ್ಕೆ ಅದು ಸಾಕು, ಆದರೆ ನೂರಾರು ಬಾರಿ ಬಾಗಿದ ಮೇಲೆ ಆ ಬೆರಳುಗಳು ಸಡಿಲಾಗದೆ ಇರುವುದಿಲ್ಲ.

ಭಾರದ ಲೆಕ್ಕವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಒಂದು ಲೀಟರಿನ ಆರು ಬಾಟಲಿಗಳೆಂದರೆ 6 ಕಿಲೋಗ್ರಾಮಿಗಿಂತ ತುಸು ಹೆಚ್ಚು, ಎರಡು ಲೀಟರಿನವಾದರೆ 12 ಕಿಲೋಗ್ರಾಮಿಗೂ ಮೇಲೆ. ನೆಲದಿಂದ ಗಕ್ಕನೆ ಎತ್ತಿದಾಗ ವಸ್ತುವಿನ ಮೇಲೆ ಬೀಳುವ ಒತ್ತಡ ಸುಮ್ಮನೆ ತೂಗುವಾಗಿನದರ ಎರಡರಷ್ಟಾಗಬಲ್ಲದು. ಗೋಡೆಯ ಮೊಳೆಗೆ ಗಂಟೆಗಟ್ಟಲೆ ತೂಗುಹಾಕಿದರೆ ಇನ್ನೊಂದು ತೊಂದರೆ: ಪ್ಲಾಸ್ಟಿಕ್ ಒಂದೇ ಹೊರೆಯಡಿಯಲ್ಲಿ ನಿಧಾನವಾಗಿ ಜಗ್ಗುತ್ತಾ ಹೋಗುತ್ತದೆ ಮತ್ತು ಆ ಜಗ್ಗಿದ್ದೆಲ್ಲ ಹಿಂದಿನ ಆಕಾರಕ್ಕೆ ಮರಳುವುದಿಲ್ಲ. ಇನ್ನು ಹಿಡಿಕೆ. ತೆಳುವಾದ ಪಟ್ಟಿ ಹತ್ತು ಹೆಜ್ಜೆಯಲ್ಲೇ ಬೆರಳನ್ನು ಕೊರೆಯುತ್ತದೆ. ಅಂಗೈ ಪೂರ್ತಿ ಕೂರುವಷ್ಟು ಉದ್ದದ, ಅಂಚುಗಳನ್ನು ಉರುಟಾಗಿಸಿದ ಹಿಡಿಕೆ ಇರದಿದ್ದರೆ ಜನ ಅದನ್ನು ಮೂಲೆಗೆ ಎಸೆಯುತ್ತಾರೆ. ಮುರಿಯದೆಯೂ ಬಳಕೆ ತಪ್ಪುವುದು ಹೀಗೆ.

ಕಣ್ಣಿಗೆ ಕಾಣದ ದೋಷವೊಂದನ್ನು ಇಲ್ಲಿ ಹೇಳಲೇಬೇಕು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿಯುವಾಗ ಪ್ರತಿ ರಂಧ್ರದ ಬಳಿ ಎರಡಾಗಿ ಕವಲೊಡೆದು ಆಚೆ ಬದಿಯಲ್ಲಿ ಮತ್ತೆ ಸೇರುತ್ತದೆ. ಸೇರುವ ಹೊತ್ತಿಗೆ ಅದು ಆರಿರುವುದರಿಂದ ಅಲ್ಲಿನ ಬೆಸುಗೆ ಉಳಿದ ಭಾಗದಷ್ಟು ಗಟ್ಟಿಯಾಗಿರುವುದಿಲ್ಲ. ರಂಧ್ರಗಳೇ ಹೊರೆ ಹೊರುವ ಇಂಥ ವಸ್ತುವಿನಲ್ಲಿ, ಪ್ಲಾಸ್ಟಿಕ್ ಒಳಹೊಗುವ ಬಾಯಿಯನ್ನು ಎಲ್ಲಿಡಬೇಕೆಂಬುದನ್ನು ಅಚ್ಚಿನ ಅನುಕೂಲಕ್ಕಿಂತ ಮೊದಲು ಈ ಬೆಸುಗೆ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ಯಾವ ಪ್ಲಾಸ್ಟಿಕ್ ಎಂಬ ಆಯ್ಕೆಯೂ ಹಾಗೆಯೇ. ಪಾಲಿಪ್ರೊಪಿಲೀನ್ ಗಡುಸು, ಆದರೆ ಅದರ ಸಾಮಾನ್ಯ ಬಗೆ ಸೊನ್ನೆ ಡಿಗ್ರಿ ಸಮೀಪಿಸಿದಂತೆ ಪೆಡಸಾಗುತ್ತದೆ. ಬಾಟಲಿಗಳ ಸಮೇತ ಫ್ರಿಜ್ಜಿನಲ್ಲಿಡುವ ಕ್ಯಾರಿಯರ್‌ಗೆ ಅದರ ಕೋಪಾಲಿಮರ್ (ಬೇರೊಂದು ಘಟಕವನ್ನೂ ಸೇರಿಸಿ ತಯಾರಿಸಿದ) ಬಗೆಯೋ ಎಚ್‌ಡಿಪಿಇ ಎಂಬ ಹೆಚ್ಚು ಸಾಂದ್ರತೆಯ ಪಾಲಿಥಿಲೀನೋ ವಾಸಿ. ಎಚ್‌ಡಿಪಿಇ ಅಷ್ಟು ಗಡುಸಲ್ಲವಾದ್ದರಿಂದ ಅಡಿಯಲ್ಲಿ ಬಲ ಕೊಡುವ ಏಣುಗಳನ್ನು, ಅಂದರೆ ಉಬ್ಬುಪಟ್ಟಿಗಳನ್ನು, ಕೊಡಬೇಕಾಗುತ್ತದೆ. ಯಾವುದೇ ಆಗಲಿ ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಆಗಿರಲಿ. ಹಿಡಿಕೆಗೆ ಬೇರೆ ಜಾತಿಯ ಮೆತ್ತನೆಯ ರಬ್ಬರನ್ನು ಅಂಟಿಸಿದರೆ ಕೊನೆಗೆ ಕರಗಿಸಿ ಮರುರೂಪಿಸಲು ಬರುವುದಿಲ್ಲ.

ಎಲ್ಲ ಬಾಟಲಿಗಳ ಕೊರಳೂ ಒಂದೇ ಅಳತೆಯದಲ್ಲ ಎಂಬುದು ಕೊಳ್ಳುವವರಿಗೆ ತಿಳಿದಿರುವುದು ಕಡಿಮೆ. ತಂಪು ಪಾನೀಯದ ಬಾಟಲಿಗಳಲ್ಲಿ ಪ್ಲಾಸ್ಟಿಕ್ ಉಳಿಸಲೆಂದು ಪಿಸಿಒ 1810 ಎಂಬ ಹಳೆಯ ಮಾದರಿಯ ಕೊರಳನ್ನು ಪಿಸಿಒ 1881ಕ್ಕೆ ಬದಲಿಸಿದಾಗ ಅದರ ಎತ್ತರ 21 ಮಿಲಿಮೀಟರಿನಿಂದ 17ಕ್ಕೆ ಇಳಿಯಿತು. ಮುಚ್ಚಳವನ್ನೂ ಸೇರಿಸಿ ಅಪ್ಪಿಕೊಳ್ಳುವಂತೆ ಮಾಡಿದ ಹಳೆಯ ಕ್ಯಾರಿಯರ್ ಹೊಸ ಕೊರಳಿನ ಮೇಲೆ ಲೊಡಲೊಡ ಎನ್ನುತ್ತದೆ. ಅನೇಕ ನೀರಿನ ಬಾಟಲಿಗಳ ಕೊರಳುಗಳು ಬೇರೆಯೇ ಅಳತೆಯವು. ಗಾಜಿನ ಬಾಟಲಿಗೆ ಇಂಥ ಅಗಲವಾದ ಬಳೆಯೇ ಇಲ್ಲದಿರುವುದರಿಂದಲೂ, ಒಂದಕ್ಕೊಂದು ಬಡಿದರೆ ಒಡೆಯುವುದರಿಂದಲೂ ಅದಕ್ಕೆ ಬೇರೆ ವಿನ್ಯಾಸವೇ ಬೇಕು.

ಆದ್ದರಿಂದ ತಯಾರಕರಲ್ಲಿ ನನ್ನ ವಿನಂತಿ ಇಷ್ಟೇ. ಯಾವ ವ್ಯಾಸದ ಕೊರಳಿಗೆ ಹೊಂದುತ್ತದೆ, ಒಟ್ಟು ಎಷ್ಟು ಕಿಲೋಗ್ರಾಂ ಹೊರುತ್ತದೆ, ಯಾವ ಬಗೆಯ ಪ್ಲಾಸ್ಟಿಕ್ ಎಂಬ ಮೂರು ವಿವರಗಳನ್ನು ಕ್ಯಾರಿಯರ್‌ನ ಅಡಿಯಲ್ಲಿ ಅಚ್ಚಿನಲ್ಲೇ ಉಬ್ಬಕ್ಷರವಾಗಿ ಮೂಡಿಸಲಿ. ಅಂಟಿಸಿದ ಚೀಟಿ ಮೊದಲ ತೊಳೆತಕ್ಕೇ ಕಿತ್ತುಬರುತ್ತದೆ. ಕೊಳ್ಳುವವರು ಸೀಳಿನ ಒಳಮೂಲೆಯ ಮೇಲೊಮ್ಮೆ ಬೆರಳಾಡಿಸಿ ನೋಡಲಿ, ಚೂಪಾಗಿ ತಾಗಿದರೆ ಅದನ್ನು ಅಲ್ಲೇ ಬಿಟ್ಟುಬರಲಿ.

ಇತಿ ತಮ್ಮ ವಿಶ್ವಾಸಿ,
ಅಚ್ಚು ತಯಾರಿಕೆಯ ಕೆಲಸದಲ್ಲಿರುವ ಓದುಗ