ಕೋರ್ಟು ಬಿಡೂದಕ್ಕಿಂತ ಮೊದಲ ಇದನ್ನ ಓದು

ಚಿ. ಅಕ್ಷತಾಗ ಧಾರವಾಡದಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವೆಲ್ಲಾ ಆರಾಮ ಅದೀವಿ.

ನಿಮ್ಮಪ್ಪ ಫೋನ್ ಮಾಡಿದ್ದ. ನೀ ಸೀನಿಯರ್ ವಕೀಲರ ಆಫೀಸ್ ಬಿಟ್ಟು ಫುಲ್ ಟೈಮ್ ಪಾರ್ಟಿ ಕೆಲಸಕ್ಕ ಹೋಗ್ತೀನಿ ಅಂತಿಯಂತ, ಮುಂದ ಎಂಪಿ ಆಗಬೇಕು ಅನ್ನೂ ಆಸೆ ಐತಂತ. ಆಸೆ ಭಾಳ ಚೊಲೋ ಐತವ್ವಾ, ಅದನ್ನ ಬಿಡು ಅಂತ ನಾ ಹೇಳಂಗಿಲ್ಲ. ಸರೋಜಿನಿ ಮಹಿಷಿಯವ್ರೂ ಕಾನೂನು ಓದಿದವ್ರ, ಧಾರವಾಡ ಉತ್ತರದಿಂದ 1962ರಿಂದ 1980ರ ತನಕ ನಾಕು ಸಲ ಲೋಕಸಭಾಕ್ಕ ಹೋದ್ರು. ಹೆಣ್ಮಗಳು ದಿಲ್ಲಿಗೆ ಹೋಗೂದು ಈ ಊರಿಗೆ ಹೊಸಾದಲ್ಲ. ಆದ್ರ ಅದಕ್ಕಾಗಿ ವಕೀಲಕಿ ಬಿಡೂದು ಮಾತ್ರ ನನಗ ಸರಿ ಕಾಣವಲ್ದು.

ಎಸ್. ಆರ್. ಬೊಮ್ಮಾಯಿಯವ್ರನ್ನ ನೀವು ಈಗಿನ ಹುಡುಗ್ರು ಒಂದು ಕೇಸಿನ ಹೆಸರು ಅಂತ ಓದ್ತೀರಿ. ನಮ್ಮ ಹಾವೇರಿ ಜಿಲ್ಲಾದ ಕಾರಡಗಿಯವ್ರು ಅವರು, ಮೊದಲ ವಕೀಲರು, ಆಮೇಲೆ ಹುಬ್ಬಳ್ಳಿ ಗ್ರಾಮೀಣದ ಶಾಸಕರು, 1988ರ ಆಗಸ್ಟ್‌ನ್ಯಾಗ ಮುಖ್ಯಮಂತ್ರಿ. ಮುಂದಿನ ವರ್ಷ ಏಪ್ರಿಲ್‌ನ್ಯಾಗ 19 ಶಾಸಕರ ಪತ್ರ ರಾಜ್ಯಪಾಲರ ಕೈಗೆ ಬಂತು, ಬೆಂಬಲ ವಾಪಸ್ ಅಂತ, ಅದರಾಗ 7 ಮಂದಿ 20ನೇ ತಾರೀಖಿಗೆ ನಮ್ಮ ಸಹಿ ತಪ್ಪು ಹೇಳಿ ತಗೊಂಡಾರ, ನಾವು ಸರ್ಕಾರದ ಜೋಡಿನ ಅದೀವಿ ಅಂದ್ರು. ಬೊಮ್ಮಾಯಿಯವ್ರು ಕೇಳಿದ್ದು ಒಂದ, ಅಧಿವೇಶನ ಕರೀರಿ, ಬೇಕಾದ್ರ ಇನ್ನೂ ಲಗೂ ಕರೀರಿ, ಸದನದಾಗ ಬಹುಮತ ತೋರಸ್ತೀನಿ ಅಂತ. ಕೇಳಲಿಲ್ಲ. 21ಕ್ಕ ರಾಷ್ಟ್ರಪತಿ ಆಳ್ವಿಕಿ ಹಾಕಿದ್ರು, ಸರ್ಕಾರನೂ ಹೋತು ವಿಧಾನಸಭಾನೂ ಹೋತು.

ಆ ಹೊತ್ತಿನ್ಯಾಗ ಬರೇ ರಾಜಕಾರಣ ಗೊತ್ತಿದ್ದವ ಆಗಿದ್ರ ಊರೂರು ತಿರುಗಿ ಭಾಷಣಾ ಮಾಡಿ ಅಷ್ಟಕ್ಕ ಬಿಡ್ತಿದ್ದ. ಇವರು ಹೈಕೋರ್ಟಿಗೆ ಹೋದ್ರು, ಅಲ್ಲೆ ಅರ್ಜಿ ವಜಾ ಆತು, ಸುಪ್ರೀಂ ಕೋರ್ಟಿಗೆ ಹೋದ್ರು. 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದಿದ್ದು 1994ರ ಮಾರ್ಚ್ 11ಕ್ಕ. ಬಹುಮತ ಎಣಸೂ ಜಾಗಾ ಸದನ, ರಾಜಭವನ ಅಲ್ಲ. ರಾಷ್ಟ್ರಪತಿ ಆಳ್ವಿಕಿ ತರೂ ಸಂವಿಧಾನದ 356ನೇ ವಿಧಿ ಹಾಕಿದ್ದನ್ನ ಕೋರ್ಟು ತೆಗದು ನೋಡಬಹುದು. ಸಂಸತ್ತು ಒಪ್ಪೂ ತನಕ ವಿಧಾನಸಭಾ ವಿಸರ್ಜನೆ ಮಾಡಂಗಿಲ್ಲ. ಕರ್ನಾಟಕದಾಗ ಮಾಡಿದ್ದು ಅಸಾಂವಿಧಾನಿಕ ಅಂತನೂ ಹೇಳಿದ್ರು, ಆದ್ರ ಅಷ್ಟೊತ್ತಿಗೆ ಮತ್ತ ಎಲೆಕ್ಷನ್ ಆಗಿ ಬ್ಯಾರೆ ಸರ್ಕಾರ ಕುಂತು ವರ್ಷಗಟ್ಟಲೆ ಆಗಿತ್ತು. ಕುರ್ಚಿ ಬರಲಿಲ್ಲ. 2018ರ ಮೇ ತಿಂಗಳದಾಗ ಬೆಂಗಳೂರಾಗ ಯಾರಿಗೆ ಬಹುಮತ ಅಂತ ಜಗಳಾ ಬಂದಾಗ ಸುಪ್ರೀಂ ಕೋರ್ಟು ಮರುದಿನ ಸಂಜಿ 4ಕ್ಕ ಸದನದಾಗ ಸಾಬೀತು ಮಾಡ್ರಿ ಅಂತಲ್ಲಾ, ಅದರ ಬೇರು ಇಲ್ಲೆ ಐತಿ ನೋಡು. ಬೊಮ್ಮಾಯಿಯವ್ರು ರಾಜ್ಯಸಭಾಕ್ಕ ಹೋದ್ರು, 1996ರಾಗ ಕೇಂದ್ರದಾಗ ಮಾನವ ಸಂಪನ್ಮೂಲ ಮಂತ್ರಿನೂ ಆದ್ರು. ಆದ್ರ ನನ್ನ ಮಟ್ಟಿಗೆ ಆ ಎರಡು ಹುದ್ದೆಕಿಂತ ಆ ಅರ್ಜಿ ದೊಡ್ಡದು.

ಈಗ ನಿನ್ನ ಮಾತಿಗೆ ಬರ್ತೀನಿ. ನೀ ಕುಂದಗೋಳ ರೈತರ ವಾಟ್ನಿ ದಾವೆ, ಅಂದ್ರ ಆಸ್ತಿ ಪಾಲಿನ ಕೇಸು ನಡಸಾಕತ್ತಿ, ಜಮೀನಿನ ಉತಾರ ಓದತಿ, ಸಾಕ್ಷಿದಾರನ್ನ ಕ್ರಾಸ್ ಮಾಡೂದು ಈಗಷ್ಟ ಕಲಿಯಾಕತ್ತಿ, ಇದು ಸಣ್ಣ ಕೆಲಸ ಅಂತ ನಿನಗ ಅನಸಾಕತ್ತೈತಿ. ಸಣ್ಣದಲ್ಲವ್ವಾ. ಎಂಪಿ ಆದವರ ಟೇಬಲ್ ಮ್ಯಾಲೆ ಬೀಳೂದೂ ಕಾಗದಾನ. ಮಹದಾಯಿ ನದಿ ನೀರಿನ ಜಗಳಾ ತಗೋ, ನವಲಗುಂದ ನರಗುಂದದ ಮಂದಿ ಎಷ್ಟು ವರ್ಷ ಬೀದಿಗಿಳದ್ರು ನಿನಗ ಗೊತ್ತೈತಿ. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತು, ಅದರಾಗ ಮಲಪ್ರಭಾಕ್ಕ ನೀರು ತರೂ ಕಳಸಾ ಬಂಡೂರಿ ಯೋಜನೆಗೆ 3.9, 2020ರಾಗ ಗೆಜೆಟ್‌ನ್ಯಾಗ ಬಂತು, ಅದಾದ ಮ್ಯಾಲೂ ವನ್ಯಜೀವಿ ಕ್ಲಿಯರೆನ್ಸ್ ಅಂತ ಸಿಕ್ಕೊಂಡು ಕುಂತತಿ. ಯಾವ ಫೈಲು ಯಾವ ಇಲಾಖೆದಾಗ ಯಾವ ಕಲಂ ಕೆಳಗ ನಿಂತೈತಿ ಅಂತ ಹುಡುಕಿ ಸದನದಾಗ ಕರೆಕ್ಟ್ ಪ್ರಶ್ನೆ ಕೇಳಾಕ ನೀ ಈಗ ಮಾಡೂ ಕೆಲಸದ್ದ ರೂಢಿ ಬೇಕು.

ಇನ್ನೊಂದು, ವಿಪ್ ಅಂದ್ರ ಪಾರ್ಟಿ ಆದೇಶ ಬಂದ್ರ ಸದನದಾಗ ಪಾರ್ಟಿ ಹೇಳಿದಂಗ ಓಟು ಹಾಕಬೇಕು, 1985ರಿಂದ ಅದ ಕಾನೂನು. ಸಂಸತ್ತಿನ ಸ್ಥಾಯಿ ಸಮಿತಿಯಾಗ ವಿಪ್ ನಡ್ಯಾಂಗಿಲ್ಲ, ಅಲ್ಲೆ ಬಿಲ್ಲಿನ ಒಂದೊಂದು ಕಲಂ ಹಿಡದು ಅಧಿಕಾರಿಗಳನ್ನ ಕೇಳಬಹುದು. ಟಿವಿಯಾಗ ಅದು ಬರಂಗಿಲ್ಲ, ಖರೇ ಕೆಲಸ ಭಾಳ ಅಲ್ಲೇ ಆಗ್ತೈತಿ.

ರೊಕ್ಕದ ಮಾತು ನೇರ ಹೇಳ್ತೀನಿ ಸಿಟ್ಟಾಗಬ್ಯಾಡ. ಪಾರ್ಟಿ ಕಚೇರಿಯಾಗ ಕುಂತು ಹೊಟ್ಟಿ ತುಂಬಂಗಿಲ್ಲ, ಹೊಟ್ಟಿಗೆ ಇನ್ನೊಬ್ರ ಕೈ ನೋಡೂ ಪರಿಸ್ಥಿತಿ ಬಂದ್ರ ಅವರು ಹೇಳಿದ್ದಕ್ಕ ಒಲ್ಲೆ ಅನ್ನಾಕ ಆಗಂಗಿಲ್ಲ. ನಿನ್ನ ಕಕ್ಷಿದಾರರು ನಿನ್ನ ಹಂತೇಕ ಇರಲಿ. ಎಂಪಿ ಆದವರು ಪ್ರಾಕ್ಟೀಸ್ ಮಾಡಬಾರದು ಅಂತ ಯಾರೋ ಹೇಳ್ಯಾರಂತಲ್ಲಾ, ಹಂಗೇನಿಲ್ಲ, 2018ರಾಗ ಸುಪ್ರೀಂ ಕೋರ್ಟು ಆ ಅರ್ಜಿ ತಗದು ಹಾಕೈತಿ.

ಪಾರ್ಟಿ ಕೆಲಸ ರವಿವಾರ ಮಾಡು, ಸಂಜಿಮುಂದ ಮಾಡು, ಯಾರು ಬ್ಯಾಡ ಅಂತಾರ? ಸೀನಿಯರ್‌ಗೆ ಈಗ ಏನೂ ಹೇಳಾಕ ಹೋಗಬ್ಯಾಡ. ಬರೂ ರವಿವಾರ ಮನಿಗೆ ಬಾ, ಬರಬೇಕಾದ್ರ ಮಹದಾಯಿ ಐತೀರ್ಪಿನ ಪ್ರಿಂಟ್ ತಗೊಂಡು ಬಾ, ಇಬ್ರೂ ಕೂಡಿ ಓದೂಣು. ನಿಮ್ಮ ಕಾಕು ಊಟಕ್ಕ ಇಲ್ಲೇ ಇರು ಅಂದಾಳ.

ನಿನ್ನ ಕಾಕಾ